ಕ್ರಾಕೆಟ್ ದ್ವೀಪದ ಬಲಿಪೂಜೆ

ಅಮೆರಿಕದ ಚಿತ್ರನಿರ್ದೇಶಕರಾದ ಮೈಕ್ ಫ್ಲ್ಯಾನಗನ್ ಅವರು ರಚಿಸಿ ನಿರ್ದೇಶಿಸಿ, 2021ರ ಸೆಪ್ಟೆಂಬರ್ 24ರಂದು ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡ ‘ಮಿಡ್‌ನೈಟ್ ಮಾಸ್’ ಎಂಬ ಏಳು ಕಂತುಗಳ ಧಾರಾವಾಹಿಯಲ್ಲಿ ರಕ್ತಪಿಪಾಸುವಾದ ಅಮಾನುಷ ಜೀವಿಯೊಂದು ಉಂಟು. ಆದರೆ ಅದು ಎದುರಿಗೆ ಬಂದು ನಿಂತಾಗ ಹುಟ್ಟುವ ದಿಗಿಲಿಗಿಂತ, ಸಜ್ಜನರೆಂದು ನಾವು ಒಪ್ಪಿಕೊಂಡ ಜನರೇ ಅದನ್ನು ಕೈಮುಗಿದು ಬರಮಾಡಿಕೊಳ್ಳುವುದನ್ನು ಕಾಣುವಾಗ ಆಗುವ ದಿಗಿಲು ದೊಡ್ಡದು.

ಕಥೆ ನಡೆಯುವ ಕ್ರಾಕೆಟ್ ದ್ವೀಪವು ಕಲ್ಪಿತವಾದುದು. ಕೆನಡದ ಬ್ರಿಟಿಷ್ ಕೊಲಂಬಿಯ ಪ್ರಾಂತದ ರಿಚ್ಮಂಡ್ ನಗರದ ಗ್ಯಾರಿ ಪಾಯಿಂಟ್ ಎಂಬ ಕಡಲಂಚಿನ ಉದ್ಯಾನದಲ್ಲಿ ಚಿತ್ರೀಕರಣಕ್ಕೆಂದು ಕಟ್ಟಿದ ಈ ಊರಿನಲ್ಲಿ 127 ಮಂದಿ ವಾಸಿಗಳು, ಒಂದು ಇಗರ್ಜಿ, ಒಂದು ಶಾಲೆ. ಕಡಲಲ್ಲಿ ತೈಲ ಚೆಲ್ಲಿ ಮೀನುಗಾರಿಕೆ ಹಾಳಾದ ಮೇಲೆ, ಹೋಗಬಲ್ಲವರು ಹೋಗಿ, ಹೋಗಲಾರದವರು ಉಳಿದಿದ್ದಾರೆ. ಈ ಊರಿಗೆ ಹಿಂದಿರುಗಿ ಬರುವವನು ರೈಲಿ ಫ್ಲಿನ್. ಕುಡಿದು ಕಾರು ನಡೆಸಿ ಒಬ್ಬ ಯುವತಿಯ ಸಾವಿಗೆ ಕಾರಣನಾಗಿ, ನಾಲ್ಕು ವರ್ಷ ಸೆರೆವಾಸ ಅನುಭವಿಸಿದ ಇವನಿಗೆ ರಾತ್ರಿ ಕಣ್ಣು ಮುಚ್ಚುವ ಮುನ್ನ ಆ ಹುಡುಗಿಯ ಮುಖ ಕಾಣುತ್ತದೆ, ಅದರಲ್ಲಿ ನಾಟಿದ ಗಾಜಿನ ಚೂರುಗಳ ಮೇಲೆ ಪೊಲೀಸ್ ವಾಹನದ ದೀಪ ಕೆಂಪಾಗಿಯೂ ನೀಲಿಯಾಗಿಯೂ ಮಿನುಗುತ್ತಿರುತ್ತದೆ.

ಅದೇ ಹೊತ್ತಿಗೆ ಬಂದಿಳಿದವನು ಹೊಸ ಪಾದ್ರಿ ಪಾಲ್ ಹಿಲ್. ಪವಿತ್ರಭೂಮಿಯ ಯಾತ್ರೆಗೆ ಹೋಗಿ ಮರಳುಗಾಳಿಯಲ್ಲಿ ದಾರಿ ತಪ್ಪಿದ ವೃದ್ಧ ಗುರು ಪ್ರೂಯಿಟ್‌ನೇ, ಪಾಳುಗುಹೆಯ ಆ ಜೀವಿಯ ರಕ್ತದಿಂದ ಮರಳಿ ತರುಣನಾಗಿ, ಅದನ್ನು ದೇವದೂತನೆಂದು ನಂಬಿ, ಪೆಟ್ಟಿಗೆಯಲ್ಲಿ ಊರಿಗೆ ತಂದಿದ್ದಾನೆ ಎಂಬುದು ನಮಗೆ ತಿಳಿಯುವ ವೇಳೆಗೆ, ಬಲಿಪೂಜೆಯ ದ್ರಾಕ್ಷಾರಸದಲ್ಲಿ ಆ ರಕ್ತ ಬೆರೆತು ಎಷ್ಟೋ ಜನರ ನಾಲಗೆಯನ್ನು ಮುಟ್ಟಿಯಾಗಿರುತ್ತದೆ. ಹಮಿಷ್ ಲಿಂಕ್ಲೇಟರ್ ಈ ಪಾತ್ರವನ್ನು ನಿರ್ವಹಿಸಿರುವ ರೀತಿ ಅಸಾಧಾರಣವಾದುದು: ಇವನು ವಂಚಕನಲ್ಲ, ತನ್ನ ಜನರನ್ನು ಮನಸಾರೆ ಪ್ರೀತಿಸುವವನು, ಮತ್ತು ಆ ಪ್ರೀತಿಯಿಂದಲೇ ಅನರ್ಥವೆಲ್ಲ ಮೊದಲಾಗುತ್ತದೆ.

ಎರಡನೆಯ ಕಂತಿನ ಕೊನೆಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ಲೀಸಾ ಎಂಬ ಹುಡುಗಿಗೆ ಪರಮಪ್ರಸಾದವನ್ನು ಕೊಡದೆ ಪಾದ್ರಿ ಮೆಟ್ಟಿಲಿನ ಮೇಲಕ್ಕೆ ಹಿಂದೆಸರಿದು, ಎದ್ದು ಬಂದು ತೆಗೆದುಕೊಳ್ಳೆಂದು ಕರೆಯುವಾಗ ನೆರೆದ ಸಭೆ ಸಿಟ್ಟಿನಿಂದ ಗುಲ್ಲೆಬ್ಬಿಸುತ್ತದೆ. ಅವಳು ಎದ್ದು ನಿಲ್ಲುತ್ತಾಳೆ. ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಇದರ ಮುಂದಿನ ಪ್ರಸಂಗ. ಕುಡಿದ ಅಮಲಿನಲ್ಲಿ ಗುಂಡು ಹಾರಿಸಿ ಅವಳ ಕಾಲುಗಳನ್ನು ಕಸಿದಿದ್ದ ಜೋ ಕಾಲಿಯ ಬಾಗಿಲಿಗೆ ಅವಳು ನಡೆದೇ ಹೋಗಿ, ಅವನು ತನ್ನಿಂದ ಏನೇನು ಕಿತ್ತುಕೊಂಡನೆಂಬುದನ್ನು ಒಂದೊಂದಾಗಿ ಹೇಳಿ, ಎಷ್ಟು ದ್ವೇಷಿಸಿದೆನೆಂಬುದನ್ನೂ ಮುಚ್ಚಿಡದೆ, ಕೊನೆಗೆ ಕ್ಷಮಿಸುತ್ತಾಳೆ. ಪವಾಡದ ಹಿಂದೆ ವಿಷವಿದ್ದಿರಬಹುದು, ಈ ಕ್ಷಮೆಯಲ್ಲಿ ಮಾತ್ರ ಲವಲೇಶ ಕಲ್ಮಷವಿಲ್ಲ. ಅದರ ಬಲದಿಂದ ಕುಡಿತ ಬಿಡಲು ಹೊರಟ ಜೋ, ಅದೇ ಪಾದ್ರಿಯ ಕೈಯಿಂದ ಸಾಯುತ್ತಾನೆ.

ಆ ಕೊಲೆಯನ್ನು ಮುಚ್ಚಿಡುವ ಹೊತ್ತಿನಲ್ಲಿಯೂ ಬೈಬಲಿನಿಂದ ಆಧಾರ ತೆಗೆದುಕೊಡುವವಳು ಬೆವ್ ಕೀನ್. ಸಮಂತಾ ಸ್ಲೋಯನ್ ಅಭಿನಯಿಸಿದ ಈ ಇಗರ್ಜಿಯ ಮೇಲ್ವಿಚಾರಕಿ ದೇವರಿಗಿಂತ ತನ್ನ ಅಧಿಕಾರವನ್ನು ಹೆಚ್ಚು ಪೂಜಿಸುವವಳು. ಅವಳ ಕಣ್ಣಿಗೆ ಪೊಲೀಸ್ ಅಧಿಕಾರಿ ಹಸನ್ ಮುಸ್ಲಿಮನಾದುದರಿಂದ ಹೊರಗಿನವನು. ಶಾಲೆಯಲ್ಲಿ ಬೈಬಲ್ ಹಂಚಿದುದಕ್ಕೆ ಆಕ್ಷೇಪವೆತ್ತುವಾಗಲೂ ಯೇಸುವಿನ ಬಗ್ಗೆ ತನ್ನ ಧರ್ಮಕ್ಕಿರುವ ಗೌರವವನ್ನು ಅವನು ವಿನಯದಿಂದ ವಿವರಿಸುವ ಸಂದರ್ಭ ಬಹಳ ಉದಾತ್ತವಾದುದು. ದ್ವೀಪದ ಔಚಿತ್ಯ ತಿಳಿಯುವುದು ಇಲ್ಲಿಯೇ: ದೊಡ್ಡ ಊರಿನಲ್ಲಾದರೆ ಬೆವ್‌ಳ ಮಾತಿಗೆ ಎದುರಾಡಲು ಇನ್ನೊಂದು ಬೀದಿ, ಇನ್ನೊಂದು ಮಂದಿರ, ಕೊನೆಗೆ ಒಬ್ಬ ನಗುವವನಾದರೂ ಇರುತ್ತಿದ್ದ, ಇಲ್ಲಿ ದೋಣಿ ನಿಂತಿತೆಂದರೆ ಅವಳ ಮಾತೇ ಶಾಸನ.

ಫ್ಲ್ಯಾನಗನ್ ಅವರಿಗೆ ಇದು ದೂರದ ವಸ್ತುವಲ್ಲ. ಬಾಲ್ಯದಲ್ಲಿ ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದಲ್ಲಿದ್ದು, ಇಗರ್ಜಿಯಲ್ಲಿ ಪೀಠಬಾಲಕರಾಗಿ ಸೇವೆ ಮಾಡಿದವರು. ಮುಂದೆ ಮದ್ಯವ್ಯಸನದಿಂದ ಹೊರಬಂದವರು. 2016ರ ‘ಹಶ್’ ಚಿತ್ರದ ನಾಯಕಿ ಬರೆದ ಕಾದಂಬರಿಯ ಹೆಸರೇ ‘ಮಿಡ್‌ನೈಟ್ ಮಾಸ್’. ಆ ನಾಯಕಿಯಾಗಿದ್ದವರು ಅವರ ಪತ್ನಿ ಕೇಟ್ ಸೀಗಲ್. ಇಲ್ಲಿ ರೈಲಿಯ ಬಾಲ್ಯದ ಗೆಳತಿ ಎರಿನ್ ಆಗಿರುವವರೂ ಅವರೇ. ಆದಿಕಾಂಡದಿಂದ ಪ್ರಕಟನೆಯವರೆಗೆ ಬೈಬಲಿನ ಹೆಸರುಗಳನ್ನು ಹೊತ್ತ ಕಂತುಗಳಲ್ಲಿ, ಬೂದಿ ಬುಧವಾರದಿಂದ ಪಾಸ್ಖ ಹಬ್ಬದ ನಡುರಾತ್ರಿಯವರೆಗಿನ ಉಪವಾಸಕಾಲವನ್ನು ಅವರು ಹಂತಹಂತವಾಗಿ ಬಳಸಿಕೊಂಡಿದ್ದಾರೆ.

ಪಾತ್ರಗಳು ಬಹಳ ಹೊತ್ತು ಮಾತನಾಡುತ್ತವೆ ಎಂದು ಬೇಸರಪಟ್ಟವರುಂಟು. ಖಾಲಿ ಸಭಾಂಗಣದಲ್ಲಿ ಕುಡಿತ ಬಿಡುವವರ ಕೂಟವೆಂದು ರೈಲಿಯೂ ಪಾದ್ರಿಯೂ ಎದುರುಬದುರು ಕುಳಿತು, ದುಃಖಕ್ಕೆ ಅರ್ಥವಿದೆಯೆ ಎಂದು ವಾದಿಸುವುದು ನನಗಂತೂ ಈ ಕೃತಿಯ ಜೀವವೆಂದೇ ತೋರುತ್ತದೆ. ಸತ್ತ ಮೇಲೆ ಏನಾಗುತ್ತದೆಂದು ನಾಲ್ಕನೆಯ ಕಂತಿನಲ್ಲಿ ರೈಲಿ ಮತ್ತು ಎರಿನ್ ಆಡುವ ದೀರ್ಘ ಸಂಭಾಷಣೆಯನ್ನು ಹಾರಿಸಿ ನೋಡಿದವರಿಗೆ, ಕೊನೆಯ ಕಂತಿನಲ್ಲಿ ಎರಿನ್ ಪ್ರಾಣ ಬಿಡುವಾಗ ಆಡುವ ಮಾತು ತಲೆಬುಡವಿಲ್ಲದ್ದೆನಿಸೀತು. ಅವಳು ಅಲ್ಲಿ ಉತ್ತರ ಕೊಡುತ್ತಿರುವುದು ಆ ರಾತ್ರಿಯ ಅದೇ ಪ್ರಶ್ನೆಗೆ.