ಧ್ವನಿಗೊಂದು ಕಾವಲು

ದೃಷ್ಟಿಯಿಲ್ಲದವರು ಗಣಕವನ್ನು ಬಳಸುವುದು ಬಹುಮಟ್ಟಿಗೆ ಕಿವಿಯ ನೆರವಿನಿಂದ. ಲಿನಕ್ಸ್ ಗಣಕದಲ್ಲಿ ಓರ್ಕಾ ಎಂಬ ತಂತ್ರಾಂಶವು ತೆರೆಯ ಮೇಲಿನ ಬರೆಹವನ್ನು ಅವರಿಗೆ ಓದಿ ಹೇಳುತ್ತದೆ. ಧ್ವನಿಯನ್ನು ಸಾಗಿಸುವ ತಂತ್ರಾಂಶವು ನಡುವೆ ಸ್ತಬ್ಧವಾಯಿತೆನ್ನಿ. ಕಣ್ಣುಳ್ಳವನಿಗೆ ಹಾಡು ನಿಂತೀತು, ಅಷ್ಟೆ. ದೃಷ್ಟಿಯಿಲ್ಲದವನಿಗಾದರೋ ಗಣಕವೇ ಮಾಯವಾದಂತೆ. ದೋಷವನ್ನು ತಿಳಿಸುವ ಸೂಚನೆಯನ್ನು ಸಹ ಅವನು ಕೇಳಲಾರನು. ಆದುದರಿಂದ ಗಣಕವು ಈ ತಂತ್ರಾಂಶವನ್ನು ತಾನೇ ಕಾಯುತ್ತಿದ್ದು, ಸ್ತಬ್ಧವಾದಾಗ ತಾನೇ ಎಬ್ಬಿಸಬೇಕು. ಇದು ಹೇಗೆ ಸಾಧ್ಯ?

ಮೊದಲು ಧ್ವನಿಯ ಅವಸರವನ್ನು ಅರಿಯೋಣ. ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಇಡುವುದು ಈಗ ಸಾಮಾನ್ಯವಾದ ಪದ್ಧತಿ. ಇಂದಿನ ಅನೇಕ ಲಿನಕ್ಸ್ ಗಣಕಗಳಲ್ಲಿ ಪೈಪ್‌ವೈರ್ ಎಂಬ ತಂತ್ರಾಂಶವು ಈ ಅಂಕಿಗಳನ್ನು ಕಂತುಕಂತಾಗಿ ಸಾಗಿಸುತ್ತದೆ. ಕಂತಿಗೆ 1,024 ಅಳತೆಗಳಂತೆ ಕೊಟ್ಟರೆ, ಅದು ತೀರಲು ಸುಮಾರು 21 ಮಿಲಿಸೆಕೆಂಡು ಸಾಕು. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗದಿದ್ದರೆ ಧ್ವನಿ ಕಡಿದುಹೋಗುತ್ತದೆ. ತಂತ್ರಾಂಶದ ಎರಡು ಭಾಗಗಳು ಒಂದಕ್ಕಾಗಿ ಮತ್ತೊಂದು ಕಾಯುತ್ತ ಕುಳಿತರಂತೂ ಮೌನಕ್ಕೆ ಕೊನೆಯೇ ಇಲ್ಲ.

ಹಾಗಾದರೆ ಮೌನವನ್ನೇ ರೋಗವೆಂದು ಹೇಳಬಹುದೆ? ಕೂಡದು. ಹಾಡು ಮುಗಿದಾಗಲೂ ಮೌನವೇ ಅಲ್ಲವೆ? ನಡೆಯುತ್ತಿರುವ ಕಾರ್ಯಗಳ ಪಟ್ಟಿಯಲ್ಲಿ ತಂತ್ರಾಂಶದ ಹೆಸರಿದ್ದ ಮಾತ್ರಕ್ಕೆ ಅದು ಆರೋಗ್ಯವಾಗಿದೆ ಎನ್ನುವಂತೆಯೂ ಇಲ್ಲ. ಸ್ತಬ್ಧವಾದುದರ ಹೆಸರೂ ಅಲ್ಲಿರುತ್ತದೆ. ವೈದ್ಯನು ನಾಡಿ ಹಿಡಿಯುವಂತೆ ಇಲ್ಲಿಯೂ ಜೀವಲಕ್ಷಣವೊಂದನ್ನು ಪರೀಕ್ಷಿಸಬೇಕು.

2010ರಲ್ಲಿ ಹೊರಬಂದ ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕ ತಂತ್ರಾಂಶದಲ್ಲಿ ಇದಕ್ಕೆ ಏರ್ಪಾಡುಂಟು. ಅದರ ಕಾವಲಿಗೆ ಒಳಪಟ್ಟ ತಂತ್ರಾಂಶವು ಗೊತ್ತಾದ ಅವಧಿಯೊಳಗೆ, 30 ಸೆಕೆಂಡು ಎನ್ನೋಣ, ‘ಬದುಕಿದ್ದೇನೆ’ ಎಂಬ ಸಂಕೇತವನ್ನು ಕಳುಹಿಸುತ್ತಿರಬೇಕು. ಸಂಕೇತ ತಪ್ಪಿದರೆ ಮೇಲ್ವಿಚಾರಕವು ಅದನ್ನು ಬಲವಂತವಾಗಿ ನಿಲ್ಲಿಸಿ, ನಾವು ಹಾಗೆ ವಿಧಿಸಿದ್ದ ಪಕ್ಷದಲ್ಲಿ ಮರಳಿ ಆರಂಭಿಸುತ್ತದೆ.

ಆದರೆ ಎಲ್ಲ ತಂತ್ರಾಂಶಗಳೂ ಈ ಸಂಕೇತವನ್ನು ಕಲಿತಿಲ್ಲ. ಅಂತಹವುಗಳಿಗೆ ಚಿಕ್ಕದೊಂದು ಕಾವಲು ಕಾರ್ಯಕ್ರಮವನ್ನು ನಾವೇ ಬರೆಯಬಹುದು. ಅದು ಆಗಾಗ ಸುಲಭವಾದ ಪ್ರಶ್ನೆಯೊಂದನ್ನು ಹಾಕಿ, 5 ಸೆಕೆಂಡು ಉತ್ತರಕ್ಕಾಗಿ ಕಾಯುತ್ತದೆ. ಒಂದು ಸಲ ತಡವಾದರೆ ಕ್ಷಮಿಸಬೇಕು, ಗಣಕವು ಬೇರೆ ಕೆಲಸದ ಒತ್ತಡದಲ್ಲಿದ್ದಿರಬಹುದು. ಅವಸರಪಟ್ಟು ನಿಲ್ಲಿಸಿದರೆ ನಡೆಯುತ್ತಿದ್ದ ಧ್ವನಿಮುದ್ರಣವು ವೃಥಾ ತುಂಡಾದೀತು. ಮೂರು ಸಲ ಸತತವಾಗಿ ಉತ್ತರ ಬಾರದಿದ್ದರೆ ಮಾತ್ರ ಮರು ಆರಂಭ ಯುಕ್ತ. ಉತ್ತರ ಹೇಳುವ ಭಾಗವೊಂದು, ಧ್ವನಿ ಸಾಗಿಸುವ ಭಾಗ ಮತ್ತೊಂದು ಆಗಿದ್ದರೆ ಕಾವಲುಗಾರನು ಮೋಸಹೋಗುವನು. ಆದುದರಿಂದ ಧ್ವನಿ ಸಾಗುವ ಹಾದಿಯನ್ನೇ ಪರೀಕ್ಷಿಸುವುದು ಉತ್ತಮ.

ಮರಳಿ ಆರಂಭಿಸಿದೊಡನೆ ಮತ್ತೆ ಮತ್ತೆ ಬೀಳುವ ತಂತ್ರಾಂಶವನ್ನು ಏನು ಮಾಡಬೇಕು? ಸಿಸ್ಟಮ್‌ಡಿಯ ಸಾಮಾನ್ಯ ನಿಯಮದಂತೆ 10 ಸೆಕೆಂಡುಗಳಲ್ಲಿ 5 ಸಲ ಆರಂಭಿಸಿದ ಮೇಲೆ ಮತ್ತೆ ಯತ್ನವಿಲ್ಲ. ಇನ್ನು ಕಾವಲುಗಾರನೇ ಮಲಗಿದರೆ? ಅನೇಕ ಗಣಕಗಳಲ್ಲಿ ಇದಕ್ಕಾಗಿಯೇ ಗಡಿಯಾರದಂತಹ ವಿದ್ಯುನ್ಮಂಡಲವಿರುತ್ತದೆ. ಸಿಸ್ಟಮ್‌ಡಿಯು ಅದಕ್ಕೆ ಆಗಾಗ ಸಂಕೇತ ಕೊಡುವಂತೆ ಏರ್ಪಡಿಸಬಹುದು; ಆ ಸಂಕೇತವು ನಿಂತರೆ ಅದು ಇಡೀ ಗಣಕವನ್ನೇ ಮರಳಿ ಆರಂಭಿಸುತ್ತದೆ.

ಮರು ಆರಂಭವು ಪ್ರಥಮ ಚಿಕಿತ್ಸೆಯೇ ಹೊರತು ರೋಗಪರಿಹಾರವಲ್ಲ. ಕಾವಲುಗಾರನು ಪ್ರತಿ ಸಲವೂ ವೇಳೆಯನ್ನೂ ಸಂದರ್ಭವನ್ನೂ ದಿನಚರಿಯಲ್ಲಿ ಬರೆದಿಡಬೇಕು. ಕಿವಿಯನ್ನೇ ನಂಬಿದವನಿಗೆ ಅದು ಆ ಕ್ಷಣದಲ್ಲಿ ಧ್ವನಿಯನ್ನು ಮರಳಿಸುತ್ತದೆ. ಧ್ವನಿ ಏಕೆ ನಿಂತಿತೆಂಬುದನ್ನು ಆ ದಿನಚರಿಯಿಂದ ಹುಡುಕಿ ತಿದ್ದುವ ಕೆಲಸ ಮನುಷ್ಯನದು.