ಬದಲಾಗುತ್ತಿರುವ ಸಮಾಜದಲ್ಲಿ ಅರಸೊತ್ತಿಗೆ: ನೇಪಾಳ, ಭೂತಾನಗಳ ನಿದರ್ಶನ

ರಾಜಪ್ರಭುತ್ವವು ಗತಕಾಲಕ್ಕೆ ಸೇರಿದ ಸಂಸ್ಥೆಯೆಂದೂ, ವಿದ್ಯಾಭ್ಯಾಸ, ಪತ್ರಿಕೆ, ಮತದಾನ ಇವು ಹರಡಿದಂತೆಲ್ಲ ಅದು ತಾನಾಗಿಯೇ ಅಳಿದುಹೋಗುವುದೆಂದೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುತ್ತಾರೆ. ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಸ್ಥೂಲವಾಗಿ ಅವಲೋಕಿಸಿದರೆ ಈ ಭಾವನೆಗೆ ಆಧಾರವಿಲ್ಲದಿಲ್ಲ. 1917ರಲ್ಲಿ ರಷ್ಯದ ಜಾರ್, 1918ರಲ್ಲಿ ಜರ್ಮನಿಯ ಕೈಸರ್, 1952ರಲ್ಲಿ ಈಜಿಪ್ಟಿನ ಫಾರೂಕ್ ದೊರೆ, 1958ರಲ್ಲಿ ಇರಾಕಿನ ಅರಸು, 1979ರಲ್ಲಿ ಇರಾನಿನ ಷಾ, ಹೀಗೆ ಒಬ್ಬರ ಹಿಂದೆ ಒಬ್ಬರು ಸಿಂಹಾಸನವನ್ನು ಕಳೆದುಕೊಂಡರು. ಆದರೆ ಇದೇ ಕಾಲದಲ್ಲಿ ಇಂಗ್ಲೆಂಡ್, ಸ್ವೀಡನ್, ನಾರ್ವೆ, ಹಾಲೆಂಡ್, ಜಪಾನ್ ಮೊದಲಾದ ದೇಶಗಳಲ್ಲಿ ಅರಸೊತ್ತಿಗೆಯು ಉಳಿದುಬಂದಿದೆ. ವಿದ್ಯೆಯಲ್ಲಾಗಲಿ ಕೈಗಾರಿಕೆಯಲ್ಲಾಗಲಿ ಈ ದೇಶಗಳು ಯಾರಿಗೂ ಹಿಂದೆ ಬಿದ್ದವಲ್ಲ. ಆದಕಾರಣ ಆಧುನಿಕತೆಯೇ ರಾಜತ್ವದ ಶತ್ರುವೆಂದು ಹೇಳಿಬಿಡುವುದು ಸುಲಭವಾದರೂ ಸರಿಯಲ್ಲ. ಯಾವ ಸಂದರ್ಭದಲ್ಲಿ ಅರಸೊತ್ತಿಗೆ ಉಳಿಯುತ್ತದೆ, ಯಾವ ಸಂದರ್ಭದಲ್ಲಿ ಉರುಳುತ್ತದೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರಿಶೀಲಿಸುವುದಕ್ಕೆ ನಾವು ನಮ್ಮ ದೇಶದ ಉತ್ತರದ ಗಡಿಯಲ್ಲಿರುವ ಎರಡು ರಾಜ್ಯಗಳನ್ನು ಆರಿಸಿಕೊಂಡಿದ್ದೇವೆ. 2008ರ ಮೇ 28ರಂದು ನೇಪಾಳದ ಸಂವಿಧಾನ ಸಭೆಯು ತನ್ನ ಮೊದಲನೆಯ ಅಧಿವೇಶನದಲ್ಲಿಯೇ ರಾಜತ್ವವನ್ನು ರದ್ದುಮಾಡಿತು. ಅದೇ ವರ್ಷ ನವೆಂಬರ್ 6ರಂದು ಭೂತಾನದಲ್ಲಿ ಐದನೆಯ ಅರಸನಾದ ಜಿಗ್ಮೆ ಖೇಸರ್ ನಮ್‌ಗ್ಯೆಲ್ ವಾಂಗ್‌ಚುಕ್ ಪಟ್ಟಾಭಿಷಿಕ್ತನಾದನು. ಎರಡೂ ಪರ್ವತ ಪ್ರದೇಶಗಳು. ಎರಡೂ ಭಾರತ ಮತ್ತು ಚೀನಗಳ ನಡುವೆ ಸಿಕ್ಕಿಕೊಂಡ ನೆಲಗಳು. ಎರಡರಲ್ಲಿಯೂ ಅರಸನು ಧರ್ಮದ ಪ್ರಭೆಯಿಂದ ಆವೃತನಾಗಿದ್ದವನು. ಹೀಗಿದ್ದೂ ಆರು ತಿಂಗಳೊಳಗೆ ಒಂದು ಕಡೆ ಸಿಂಹಾಸನವು ವಸ್ತುಪ್ರದರ್ಶನಕ್ಕೆ ಸೇರುವ ಸ್ಥಿತಿಯುಂಟಾಗಿ, ಇನ್ನೊಂದು ಕಡೆ ಅದು ಹೊಸ ಸಂವಿಧಾನದೊಡನೆ ಭದ್ರವಾದದ್ದು ಏಕೆ?

ಮೊದಲು ಎರಡು ವಿಚಾರಗಳನ್ನು ಸ್ಪಷ್ಟಮಾಡಿಕೊಳ್ಳುವುದು ಅಗತ್ಯ. ಇಂಗ್ಲೆಂಡಿನ ವಾಲ್ಟರ್ ಬ್ಯಾಜಟ್ ಎಂಬ ಲೇಖಕನು 1867ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ರಾಜ್ಯಾಂಗಕ್ಕೆ ಎರಡು ಭಾಗಗಳುಂಟೆಂದು ತೋರಿಸಿದನು: ಒಂದು ಜನರ ಗೌರವವನ್ನು ಸೆಳೆಯುವ ಭಾಗ, ಇನ್ನೊಂದು ಕೆಲಸವನ್ನು ನಡೆಸುವ ಭಾಗ. ಅರಸನು ಮೊದಲನೆಯದರಲ್ಲಿ ನಿಂತು ಎರಡನೆಯದನ್ನು ಮಂತ್ರಿಗಳಿಗೆ ಬಿಟ್ಟುಕೊಟ್ಟರೆ ಉಳಿಯಬಲ್ಲನೆಂಬುದು ಇದರಿಂದ ಹೊರಡುವ ತಾತ್ಪರ್ಯ. ಅಮೆರಿಕದ ಸ್ಯಾಮ್ಯುಯಲ್ ಹಂಟಿಂಗ್‌ಟನ್ ಎಂಬ ವಿದ್ವಾಂಸನು 1968ರಲ್ಲಿ ಇನ್ನೊಂದು ತೊಡಕನ್ನು ಎತ್ತಿ ತೋರಿಸಿದನು. ದೇಶವನ್ನು ಸುಧಾರಿಸಬೇಕೆಂಬ ಅರಸನು ಹಳೆಯ ಪ್ರತಿಬಂಧಕಗಳನ್ನು ಮುರಿಯುವುದಕ್ಕಾಗಿ ಅಧಿಕಾರವನ್ನೆಲ್ಲ ತನ್ನ ಕೈಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ. ಆದರೆ ಆ ಸುಧಾರಣೆಯಿಂದಲೇ ಹುಟ್ಟಿಬರುವ ಅಧ್ಯಾಪಕ, ವಕೀಲ, ವಿದ್ಯಾರ್ಥಿ, ಗುಮಾಸ್ತೆಯ ವರ್ಗಗಳು ಆ ಅಧಿಕಾರದಲ್ಲಿ ಪಾಲು ಕೇಳುತ್ತವೆ. ಕೂಡಿಟ್ಟದ್ದನ್ನು ಹಂಚಬೇಕಾದ ಕಾಲ ಬಂದಾಗ ಕೈ ಬಿಗಿಯಾಗುತ್ತದೆ. ಇದನ್ನು ನಾವು ಅರಸನ ಇಕ್ಕಟ್ಟು ಎಂದು ಕರೆಯಬಹುದು. ನೇಪಾಳ, ಭೂತಾನಗಳೆರಡೂ ಈ ಇಕ್ಕಟ್ಟಿಗೆ ಸಿಕ್ಕಿದವು. ಅದರಿಂದ ಹೊರಬಂದ ದಾರಿಗಳು ಮಾತ್ರ ಬೇರೆ ಬೇರೆ.

ನೇಪಾಳದ ಷಾ ವಂಶವು ಹಳೆಯದು. ಗೋರ್ಖಾದ ಪೃಥ್ವೀನಾರಾಯಣ ಷಾ 1768-69ರಲ್ಲಿ ಕಾಠ್ಮಂಡು ಕಣಿವೆಯನ್ನು ಗೆದ್ದು ಆಧುನಿಕ ನೇಪಾಳಕ್ಕೆ ತಳಹದಿಯನ್ನು ಹಾಕಿದನು. 1846ರಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ರಾಣಾ ಮನೆತನದ ಪ್ರಧಾನಿಗಳು ಆಳುತ್ತ, ಅರಸನನ್ನು ಅರಮನೆಯಲ್ಲಿ ಕೂಡಿಹಾಕಿದಂತೆ ಇರಿಸಿದರು. 1950ರ ನವೆಂಬರಿನಲ್ಲಿ ತ್ರಿಭುವನ ದೊರೆಯು ಭಾರತದ ರಾಯಭಾರ ಕಚೇರಿಯನ್ನು ಆಶ್ರಯಿಸಿ ದೆಹಲಿಗೆ ಬಂದನು. ರಾಣಾಗಳು ಅವನ ಮೂರು ವರ್ಷದ ಮೊಮ್ಮಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ಆದರೆ ನೇಪಾಳಿ ಕಾಂಗ್ರೆಸ್ಸಿನ ದಂಗೆಯೂ ಭಾರತದ ಒತ್ತಾಯವೂ ಸೇರಿ ತ್ರಿಭುವನನು 1951ರ ಫೆಬ್ರವರಿಯಲ್ಲಿ ಹಿಂದಿರುಗಿದನು. ಜನರು ಚುನಾಯಿಸಿದ ಸಭೆಯೊಂದು ದೇಶಕ್ಕೆ ಸಂವಿಧಾನವನ್ನು ರಚಿಸುವುದೆಂದು ಅವನು ಆಗ ಘೋಷಿಸಿದನು. ಅರಸೊತ್ತಿಗೆಯೂ ಪ್ರಜೆಗಳೂ ಒಂದೇ ಪಕ್ಷದಲ್ಲಿ ನಿಂತಿದ್ದ ಅಪೂರ್ವವಾದ ಗಳಿಗೆ ಅದು.

ಆ ವಾಗ್ದಾನವು ನೆರವೇರಲಿಲ್ಲ. 1955ರಲ್ಲಿ ಪಟ್ಟಕ್ಕೆ ಬಂದ ಮಹೇಂದ್ರನು 1959ರಲ್ಲಿ ತಾನೇ ಒಂದು ಸಂವಿಧಾನವನ್ನು ದಯಪಾಲಿಸಿದನು. ಅದರಂತೆ ನಡೆದ ಚುನಾವಣೆಯಲ್ಲಿ ನೇಪಾಳಿ ಕಾಂಗ್ರೆಸ್ 109 ಸ್ಥಾನಗಳ ಪೈಕಿ 74ನ್ನು ಗೆದ್ದು, ಬಿ. ಪಿ. ಕೊಯಿರಾಲಾ ಪ್ರಧಾನಿಯಾದನು. ಎರಡು ವರ್ಷಗಳೂ ತುಂಬಲಿಲ್ಲ. 1960ರ ಡಿಸೆಂಬರ್ 15ರಂದು ಅರಸನು ಸೈನ್ಯದ ನೆರವಿನಿಂದ ಮಂತ್ರಿಮಂಡಲವನ್ನು ವಜಾಮಾಡಿ ಪ್ರಧಾನಿಯನ್ನು ಸೆರೆಗೆ ಹಾಕಿಸಿದನು. ಪಕ್ಷಗಳು ನಿಷಿದ್ಧವಾದವು, 1962ರಲ್ಲಿ ಪಂಚಾಯತ ವ್ಯವಸ್ಥೆ ಬಂದಿತು. ಮಹೇಂದ್ರನು ಶಾಲೆಗಳನ್ನು ತೆರೆಯಿಸಿದನು, ರಸ್ತೆಗಳನ್ನು ಹಾಕಿಸಿದನು, ಭೂಸುಧಾರಣೆಯ ಶಾಸನವನ್ನು ತಂದನು. ಆದರೆ ಆ ಶಾಲೆಗಳಲ್ಲಿ ಓದಿದವರಿಗೆ ರಾಜ್ಯದಲ್ಲಿ ಪಾಲಿರಲಿಲ್ಲ. ಹಂಟಿಂಗ್‌ಟನ್ ಹೇಳಿದ ಇಕ್ಕಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

1990ರ ಜನಾಂದೋಲನದ ಮುಂದೆ ಬೀರೇಂದ್ರ ದೊರೆಯು ಮಣಿದನು. ಆ ವರ್ಷದ ನವೆಂಬರಿನಲ್ಲಿ ಜಾರಿಗೆ ಬಂದ ಸಂವಿಧಾನವು ಸಾರ್ವಭೌಮತ್ವವು ಜನರದೆಂದು ಸಾರಿತು. ಇಲ್ಲಿಗೆ ಪ್ರಶ್ನೆಯು ಬಗೆಹರಿಯಿತೆಂದು ಅಂದು ಬಹುಮಂದಿ ತಿಳಿದರು. ಆದರೆ ಆ ಸಂವಿಧಾನವನ್ನು ಎಚ್ಚರಿಕೆಯಿಂದ ಓದಿದರೆ ಮೂರು ಬಾಗಿಲುಗಳು ತೆರೆದೇ ಇದ್ದವೆಂದು ಕಾಣುತ್ತದೆ. ಸೈನ್ಯದ ಪರಮಾಧಿಪತ್ಯವು ಅರಸನಲ್ಲಿಯೇ ಉಳಿದಿತ್ತು. ಅರಸನ ಯಾವ ಕೃತ್ಯವನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಸಂವಿಧಾನದ ಅನುಷ್ಠಾನದಲ್ಲಿ ಅಡಚಣೆಗಳು ಬಂದರೆ ಅವುಗಳನ್ನು ನಿವಾರಿಸಲು ಆಜ್ಞೆ ಹೊರಡಿಸಬಹುದೆಂದು 127ನೆಯ ವಿಧಿಯು ಅವನಿಗೆ ಅವಕಾಶವಿತ್ತಿತ್ತು. ಬೀರೇಂದ್ರನು ಈ ಬಾಗಿಲುಗಳ ಕಡೆಗೆ ಹೆಚ್ಚಾಗಿ ಹೋಗಲಿಲ್ಲ. ಸಂಯಮವು ವ್ಯಕ್ತಿಯ ಗುಣವಾಗಿತ್ತೇ ಹೊರತು ಸಂಸ್ಥೆಯ ನಿಯಮವಾಗಿರಲಿಲ್ಲ.

ವ್ಯಕ್ತಿಯು ಹೋದೊಡನೆ ಇದರ ಫಲವು ಪ್ರಕಟವಾಯಿತು. 1996ರ ಫೆಬ್ರವರಿಯಿಂದ ಮಾವೋವಾದಿಗಳ ಸಶಸ್ತ್ರ ದಂಗೆಯು ದೇಶವನ್ನು ಸುಡುತ್ತಿತ್ತು. 2001ರ ಜೂನ್ 1ರ ರಾತ್ರಿ ಅರಮನೆಯಲ್ಲಿ ನಡೆದ ಹತ್ಯಾಕಾಂಡದಲ್ಲಿ ಬೀರೇಂದ್ರನೂ ಅವನ ಕುಟುಂಬದವರೂ ಮಡಿದರು. ಅವನ ತಮ್ಮನಾದ ಜ್ಞಾನೇಂದ್ರನು ಪಟ್ಟಕ್ಕೆ ಬಂದನು. 1950ರಲ್ಲಿ ರಾಣಾಗಳು ಸಿಂಹಾಸನದ ಮೇಲೆ ಕೂರಿಸಿದ್ದ ಶಿಶುವು ಇವನೇ. 2002ರ ಅಕ್ಟೋಬರಿನಲ್ಲಿ ಇವನು 127ನೆಯ ವಿಧಿಯನ್ನು ಹಿಡಿದು ಚುನಾಯಿತ ಪ್ರಧಾನಿಯನ್ನು ತೆಗೆದುಹಾಕಿದನು. 2005ರ ಫೆಬ್ರವರಿ 1ರಂದು ಆಡಳಿತವನ್ನೆಲ್ಲ ತಾನೇ ವಹಿಸಿಕೊಂಡು, ದೂರವಾಣಿಗಳನ್ನು ಕಡಿಸಿ, ನಾಯಕರನ್ನು ಗೃಹಬಂಧನದಲ್ಲಿರಿಸಿದನು. ಅದುವರೆಗೆ ಪರಸ್ಪರ ಹಗೆಗಳಾಗಿದ್ದ ಪಕ್ಷಗಳೂ ಮಾವೋವಾದಿಗಳೂ ಇದರಿಂದ ಒಂದಾದರು. 2006ರ ಏಪ್ರಿಲಿನಲ್ಲಿ 19 ದಿನಗಳ ಆಂದೋಲನದ ತರುವಾಯ ಅರಸನು ಪಾರ್ಲಿಮೆಂಟನ್ನು ಪುನಃ ಸ್ಥಾಪಿಸಬೇಕಾಯಿತು. 2008ರಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದು, ಆ ಸಭೆಯು 560 ಮತಗಳಿಂದ ರಾಜತ್ವವನ್ನು ಕೊನೆಗಾಣಿಸಿತು. ವಿರುದ್ಧವಾಗಿ ಬಿದ್ದವು 4 ಮತಗಳು ಮಾತ್ರ. ತಾತನು 1951ರಲ್ಲಿ ಮಾತುಕೊಟ್ಟಿದ್ದ ಸಭೆಯು 57 ವರ್ಷ ತಡವಾಗಿ ಸೇರಿ, ಮೊಮ್ಮಗನಿಂದ ಕಿರೀಟವನ್ನು ತೆಗೆದುಕೊಂಡಿತು. ನಾರಾಯಣಹಿಟಿ ಅರಮನೆಯು ವಸ್ತುಸಂಗ್ರಹಾಲಯವಾಯಿತು.

ಇನ್ನು ಭೂತಾನ. ಇಲ್ಲಿಯ ಅರಸೊತ್ತಿಗೆ ಎಳೆಯದು. 1907ರ ಡಿಸೆಂಬರ್ 17ರಂದು ಪುನಾಖಾದಲ್ಲಿ ಸೇರಿದ ಧರ್ಮಾಧಿಕಾರಿಗಳೂ ಪ್ರಮುಖರೂ ಉಗ್ಯೆನ್ ವಾಂಗ್‌ಚುಕ್‌ನನ್ನು ವಂಶಪಾರಂಪರ್ಯ ಅರಸನನ್ನಾಗಿ ಆರಿಸಿದರು. ಮೂರನೆಯ ಅರಸನಾದ ಜಿಗ್ಮೆ ದೋರ್ಜಿ 1953ರಲ್ಲಿ ರಾಷ್ಟ್ರೀಯ ಸಭೆಯೊಂದನ್ನು ಕರೆದನು, ಜೀತಪದ್ಧತಿಯನ್ನು ತೆಗೆದನು, 1961ರಲ್ಲಿ ಭಾರತದ ನೆರವಿನಿಂದ ಮೊದಲನೆಯ ಪಂಚವಾರ್ಷಿಕ ಯೋಜನೆಯನ್ನು ಆರಂಭಿಸಿದನು. ಗಮನಾರ್ಹವಾದ ಸಂಗತಿಯೆಂದರೆ, 1968ರಲ್ಲಿ ಸಭೆಯ ನಿರ್ಣಯಗಳನ್ನು ತಳ್ಳಿಹಾಕುವ ಹಕ್ಕನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟನು. ಮರುವರ್ಷ, ಸಭೆಯು ಮೂರನೆಯ ಎರಡು ಭಾಗದ ಬಹುಮತದಿಂದ ಅವಿಶ್ವಾಸ ಸೂಚಿಸಿದರೆ ಅರಸನು ಉತ್ತರಾಧಿಕಾರಿಗೆ ಪಟ್ಟ ಬಿಡಬೇಕೆಂಬ ನಿಯಮವನ್ನು ತರಿಸಿದನು. ಅವನ ಮರಣಾನಂತರ 1973ರಲ್ಲಿ ಸಭೆಯೇ ಈ ನಿಯಮವನ್ನು ಕೈಬಿಟ್ಟಿತು. ಪ್ರಜೆಗಳ ಪ್ರತಿನಿಧಿಗಳು ಬೇಡವೆಂದದ್ದನ್ನು 1998ರಲ್ಲಿ ನಾಲ್ಕನೆಯ ಅರಸನಾದ ಜಿಗ್ಮೆ ಸಿಂಗ್ಯೆ ಮತ್ತೆ ತಂದನು. ಅಷ್ಟೇ ಅಲ್ಲ, ಸಭೆಯು ಚುನಾಯಿಸುವ ಮಂತ್ರಿಗಳಿಗೆ ಆಡಳಿತವನ್ನು ಒಪ್ಪಿಸಿದನು.

2001ರಲ್ಲಿ ಸಂವಿಧಾನದ ಕರಡನ್ನು ತಯಾರಿಸಲು ಅಪ್ಪಣೆಯಾಯಿತು. 2005ರಲ್ಲಿ ಕರಡು ಹೊರಬಂದಾಗ ಅರಸನೂ ಯುವರಾಜನೂ ಜಿಲ್ಲೆ ಜಿಲ್ಲೆಗೆ ಹೋಗಿ ಅದನ್ನು ಜನರ ಮುಂದಿಟ್ಟರು. ಪಕ್ಷಗಳ ಆಳ್ವಿಕೆ ಬೇಡ, ಅರಸನೇ ಆಳಲಿ ಎಂದು ಹಲವರು ಮೊರೆಯಿಟ್ಟದ್ದುಂಟು. 2006ರ ಡಿಸೆಂಬರಿನಲ್ಲಿ ಜಿಗ್ಮೆ ಸಿಂಗ್ಯೆ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿಯೇ ಮಗನಿಗೆ ಪಟ್ಟವನ್ನು ಬಿಟ್ಟನು. 2008ರ ಮಾರ್ಚ್ 24ರಂದು ಮೊದಲನೆಯ ಸಾರ್ವತ್ರಿಕ ಚುನಾವಣೆ ನಡೆಯಿತು; ಜುಲೈ 18ರಂದು ಸಂವಿಧಾನವು ಜಾರಿಗೆ ಬಂದಿತು. ಅದರ ಪ್ರಕಾರ ಅರಸನು 65ನೆಯ ವಯಸ್ಸಿನಲ್ಲಿ ನಿವೃತ್ತನಾಗತಕ್ಕದ್ದು. ಅವನು ಉದ್ದೇಶಪೂರ್ವಕವಾಗಿ ಸಂವಿಧಾನವನ್ನು ಮೀರಿದರೆ, ಪಾರ್ಲಿಮೆಂಟಿನ ಜಂಟಿ ಅಧಿವೇಶನವು ಮುಕ್ಕಾಲು ಭಾಗದ ಬಹುಮತದಿಂದ ಪಟ್ಟತ್ಯಾಗವನ್ನು ವಿಧಿಸಿ, ಜನಮತಗಣನೆಗೆ ಒಪ್ಪಿಸಬಹುದು. ತರುವಾಯ 2013, 2018, 2024ರ ಚುನಾವಣೆಗಳಲ್ಲಿ ಪ್ರತಿಸಲವೂ ಅಧಿಕಾರವು ಒಂದು ಪಕ್ಷದಿಂದ ಇನ್ನೊಂದಕ್ಕೆ ಶಾಂತವಾಗಿ ಹೋಯಿತು.

ಇಲ್ಲಿ ಒಂದು ತಪ್ಪು ಗ್ರಹಿಕೆಗೆ ಎಡೆಗೊಡಬಾರದು. ಭೂತಾನದ ಅರಸನು ಬರಿಯ ಅಲಂಕಾರವಾಗಿ ಉಳಿದವನಲ್ಲ. ಸೇನಾಧಿಪತ್ಯವು ಅಲ್ಲಿಯೂ ಅವನದೇ. ಅನೇಕ ಉನ್ನತ ಪದವಿಗಳಿಗೆ ನೇಮಕ ಮಾಡುವವನೂ ಅವನೇ. ಆದ್ದರಿಂದ ಎರಡು ದೇಶಗಳ ವ್ಯತ್ಯಾಸವನ್ನು ಅರಸನಲ್ಲಿ ಉಳಿದ ಅಧಿಕಾರದ ಪರಿಮಾಣದಿಂದ ಮಾತ್ರ ವಿವರಿಸುವುದು ಸಾಧ್ಯವಿಲ್ಲ. ವ್ಯತ್ಯಾಸವು ಎರಡು ವಿಷಯಗಳಲ್ಲಿದೆ. ಮೊದಲನೆಯದು ಕಾಲ: ಒಬ್ಬರು ಕೇಳುವ ಮೊದಲೇ ಕೊಟ್ಟರು, ಇನ್ನೊಬ್ಬರು ಬೀದಿಯಲ್ಲಿ ರಕ್ತ ಹರಿದ ಮೇಲೆ ಕೊಟ್ಟರು, ಹಾಗೆ ಕೊಟ್ಟದ್ದನ್ನೂ ಹಿಂದಕ್ಕೆ ತೆಗೆದುಕೊಂಡರು. ಎರಡನೆಯದು ಹೊಣೆ: ಭೂತಾನದಲ್ಲಿ ಅರಸನನ್ನು ಕೆಳಗಿಳಿಸುವ ಕ್ರಮವನ್ನು ಸಂವಿಧಾನದಲ್ಲಿಯೇ ಬರೆದಿಡಲಾಯಿತು, ನೇಪಾಳದಲ್ಲಿ ಅಂಥ ಕ್ರಮವಿರಲಿಲ್ಲವಾದ್ದರಿಂದ ತಪ್ಪಿದ ಅರಸನನ್ನು ತಿದ್ದಬೇಕಾದರೆ ರಾಜತ್ವವನ್ನೇ ತೆಗೆಯದೆ ಬೇರೆ ಮಾರ್ಗ ಉಳಿಯಲಿಲ್ಲ.

ಆದರೂ ಭೂತಾನದ ಕಥೆಯನ್ನು ಕೇವಲ ಪ್ರಶಂಸೆಯಿಂದ ಮುಗಿಸಿದರೆ ಚರಿತ್ರಕಾರನ ಧರ್ಮಕ್ಕೆ ಲೋಪ ಬರುತ್ತದೆ. ದಕ್ಷಿಣ ಭೂತಾನದಲ್ಲಿ ನೆಲಸಿದ್ದ ನೇಪಾಳೀ ಭಾಷೆಯ ಲ್ಹೋತ್‌ಷಾಂಪ ಜನರು 1985ರ ಪೌರತ್ವ ಶಾಸನ ಮತ್ತು 1988ರ ಜನಗಣತಿಗಳ ತರುವಾಯ ಬಹುಸಂಖ್ಯೆಯಲ್ಲಿ ಪೌರತ್ವವನ್ನು ಕಳೆದುಕೊಂಡರು. ಅವರ ಭಾಷೆಯನ್ನು ಶಾಲೆಗಳಿಂದ ತೆಗೆಯಲಾಯಿತು. 1990ರ ಸುಮಾರಿನಿಂದ ಊರು ಬಿಟ್ಟುಹೋದವರ ಪೈಕಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಪೂರ್ವ ನೇಪಾಳದ ಶಿಬಿರಗಳಲ್ಲಿ ಬಹುಕಾಲ ಕಳೆದು, 2007ರಿಂದ ಅಮೆರಿಕ ಮೊದಲಾದ ದೂರದೇಶಗಳಿಗೆ ಚದುರಿಹೋದರು. 2008ರಲ್ಲಿ ಮತದ ಹಕ್ಕನ್ನು ಪಡೆದವರಲ್ಲಿ ಇವರು ಇರಲಿಲ್ಲ. ಮೇಲಿನಿಂದ ಬಂದ ದಾನಕ್ಕೆ ಇರುವ ಮಿತಿ ಇದೇ. ದಾನವನ್ನು ಯಾರು ಪಡೆಯತಕ್ಕವರೆಂಬುದನ್ನು ದಾನಿಯೇ ಗೊತ್ತುಮಾಡುತ್ತಾನೆ.

ಕನ್ನಡ ನಾಡಿನವರಾದ ನಮಗೆ ಈ ಚರ್ಚೆಯು ಅಪರಿಚಿತವಾದದ್ದಲ್ಲ. 1881ರಲ್ಲಿಯೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಆರಂಭವಾಗಿದ್ದರೂ, ಜವಾಬ್ದಾರಿ ಸರ್ಕಾರಕ್ಕಾಗಿ 1947ರಲ್ಲಿ ‘ಮೈಸೂರು ಚಲೋ’ ಚಳವಳಿಯೇ ನಡೆಯಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಶ್ರೀ ಜಯಚಾಮರಾಜ ಒಡೆಯರು ಕೊಟ್ಟದ್ದನ್ನು ಹಿಂದಕ್ಕೆ ಕೇಳಲಿಲ್ಲ. 1950ರಿಂದ ರಾಜಪ್ರಮುಖರಾಗಿಯೂ 1956ರಿಂದ ರಾಜ್ಯಪಾಲರಾಗಿಯೂ ಸಂವಿಧಾನದ ಅಧೀನದಲ್ಲಿ ಕೆಲಸಮಾಡಿದರು. 1971ರ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನವೂ ರಾಜಪದವಿಯ ಮನ್ನಣೆಯೂ ಹೋದವು. ಹೀಗೆ ಇಲ್ಲಿ ರಾಜತ್ವವು ಉಳಿಯಲಿಲ್ಲವಾದರೂ ಅದು ಅಳಿದದ್ದು ಶಾಸನದ ಮಾರ್ಗದಿಂದ. ಆ ಮನೆತನದ ಮೇಲಿನ ಗೌರವವು ಅದರೊಡನೆ ಅಳಿಯಲಿಲ್ಲ.

ನೇಪಾಳದಲ್ಲಿ 2008ರ ತರುವಾಯ ಯಾವ ಸರ್ಕಾರವೂ ಐದು ವರ್ಷಗಳ ಪೂರ್ಣಾವಧಿಯನ್ನು ಮುಗಿಸಲಿಲ್ಲ. 2025ರ ಮಾರ್ಚಿನಲ್ಲಿ ಅರಸನನ್ನು ಮರಳಿ ತರಬೇಕೆಂದು ಕಾಠ್ಮಂಡುವಿನ ಬೀದಿಗಳಲ್ಲಿ ಮೆರವಣಿಗೆಗಳು ನಡೆದವು. ಇದರಿಂದ ರಾಜತ್ವದ ಯೋಗ್ಯತೆ ಸ್ಥಾಪಿತವಾಗುವುದಿಲ್ಲ. ಗಣರಾಜ್ಯದ ಮೇಲಿನ ಅತೃಪ್ತಿಯು ಮಾತ್ರ ಪ್ರಕಟವಾಗುತ್ತದೆ. ಅರಸನನ್ನು ತೆಗೆದ ಮಾತ್ರಕ್ಕೆ ಆಳುವವರು ಹೊಣೆಗಾರರಾಗಿಬಿಡುವುದಿಲ್ಲವೆಂಬುದು ಇಲ್ಲಿಯ ಪಾಠ.

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯವು ಇಷ್ಟು. ಆಧುನಿಕ ಸಮಾಜದಲ್ಲಿ ಅರಸೊತ್ತಿಗೆಯ ಭವಿಷ್ಯವು ಅದರ ಪ್ರಾಚೀನತೆಯಿಂದಾಗಲಿ, ಧರ್ಮದ ಬೆಂಬಲದಿಂದಾಗಲಿ ನಿರ್ಧಾರವಾಗತಕ್ಕದ್ದಲ್ಲ. 240 ವರ್ಷಗಳ ಸಿಂಹಾಸನವು ಉರುಳಿತು, 100 ವರ್ಷಗಳದ್ದು ನಿಂತಿತು. ತನ್ನನ್ನು ಕೆಳಗಿಳಿಸುವ ಶಕ್ತಿಯನ್ನು ಪ್ರಜೆಗಳ ಕೈಯಲ್ಲಿ ಇರಿಸಿದ ಅರಸೊತ್ತಿಗೆಗೆ ಉಳಿಯುವ ಸಂಭವ ಹೆಚ್ಚು. ಆದರೆ ಪ್ರಜೆಗಳೆಂದರೆ ಯಾರೆಂಬ ಪ್ರಶ್ನೆಯನ್ನು ಅರಸನೊಬ್ಬನೇ ಉತ್ತರಿಸುವವರೆಗೆ ಆ ಉಳಿವಿಗೆ ಪೂರ್ಣವಾದ ನ್ಯಾಯವು ದೊರೆತಂತಾಗುವುದಿಲ್ಲ.