ಎಂಬಿಎ ತರಗತಿಯಲ್ಲಿ ಕಲಿಸುವುದೇನು?

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿಗೆ, ಅಂದರೆ ಎಂಬಿಎಗೆ ಸೇರಿದವರು ಮೊದಲ ವರ್ಷ ತಮಗೆ ಬೇಕಾದ ವಿಷಯವನ್ನಷ್ಟೇ ಆರಿಸಿಕೊಂಡು ಓದುವಂತಿಲ್ಲ. ಲೆಕ್ಕಶಾಸ್ತ್ರ, ಹಣಕಾಸು, ಮಾರ್ಕೆಟಿಂಗ್, ಸಂಸ್ಥೆಯೊಳಗೆ ಮನುಷ್ಯರ ನಡವಳಿಕೆ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಉತ್ಪಾದನೆ, ಪೂರೈಕೆ ಸರಪಳಿ, ಕಾರ್ಯತಂತ್ರ ಎಲ್ಲವೂ ಕಡ್ಡಾಯ. ಎಂಜಿನಿಯರಿಂಗ್ ಮುಗಿಸಿ ಬಂದವರಿಗೂ ಬಿ.ಕಾಂ. ಮುಗಿಸಿ ಬಂದವರಿಗೂ ಪಾಠ ಒಂದೇ. ಇದಕ್ಕೆ ಬಲವಾದ ಕಾರಣವಿದೆ. ಯಾವುದೇ ಸಂಸ್ಥೆಯಲ್ಲಿ ಮಾರಾಟದವರು ಗಿರಾಕಿಗೆ ಉದ್ರಿ ಕೊಡೋಣ ಎನ್ನುತ್ತಾರೆ, ಹಣಕಾಸಿನವರು ಮೊದಲು ದುಡ್ಡು ಬರಲಿ ಎನ್ನುತ್ತಾರೆ. ಮಾರ್ಕೆಟಿಂಗ್ ವಿಭಾಗ ಹತ್ತು ಬಗೆಯ ಸರಕು ಕೇಳುತ್ತದೆ, ಕಾರ್ಖಾನೆಗೆ ಒಂದೇ ಬಗೆಯನ್ನು ಎಡೆಬಿಡದೆ ತಯಾರಿಸುವುದು ಸಲೀಸು. ಎಲ್ಲರ ಮಾತಿನಲ್ಲೂ ನ್ಯಾಯವಿರುತ್ತದೆ. ನಡುವೆ ಕುಳಿತು ತೀರ್ಮಾನ ಹೇಳಬೇಕಾದವರಿಗೆ ಪ್ರತಿಯೊಬ್ಬರ ಲೆಕ್ಕಾಚಾರವೂ ತಿಳಿದಿರಬೇಕು. ವಿಷಯಗಳನ್ನು ಬಿಡಿಬಿಡಿಯಾಗಿ ಕಲಿಸುವುದು ಅನುಕೂಲಕ್ಕಾಗಿ ಮಾತ್ರ.

ಈ ಶಿಕ್ಷಣ ವಿಶ್ವವಿದ್ಯಾಲಯದ ಒಳಗೆ ಕಾಲಿಟ್ಟದ್ದು ಅಮೆರಿಕದಲ್ಲಿ. ಉದ್ಯಮಿ ಜೋಸೆಫ್ ವಾರ್ಟನ್ ಕೊಟ್ಟ ದೇಣಿಗೆಯಿಂದ 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಶಾಲೆ ಆರಂಭವಾಯಿತು. 1908ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಹುಟ್ಟಿತು. ರೈಲ್ವೆ, ಉಕ್ಕು, ಎಣ್ಣೆ ಕಂಪನಿಗಳು ಸಾವಿರಾರು ಜನರನ್ನು ಕೆಲಸಕ್ಕೆ ಇಟ್ಟುಕೊಂಡು ಬೆಳೆಯುತ್ತಿದ್ದ ಕಾಲ ಅದು. ಮಾಲೀಕನೇ ಎದುರು ನಿಂತು ಎಲ್ಲವನ್ನೂ ನೋಡಿಕೊಳ್ಳುವುದು ಆಗದ ಮಾತಾಗಿ, ಸಂಬಳಕ್ಕೆ ಆಡಳಿತ ನಡೆಸುವ ಹೊಸ ವರ್ಗವೊಂದು ಬೇಕಾಗಿತ್ತು. ಭಾರತದಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಗಳು, ಅಂದರೆ ಐಐಎಂಗಳು 1961ರಲ್ಲಿ ಆರಂಭವಾದವು. ಮೊದಲನೆಯದಕ್ಕೆ ಅಮೆರಿಕದ ಎಂಐಟಿಯ, ಎರಡನೆಯದಕ್ಕೆ ಹಾರ್ವರ್ಡಿನ ನೆರವಿತ್ತು. 1973ರಲ್ಲಿ ಬಂದ ಬೆಂಗಳೂರಿನ ಐಐಎಂ ಮೊದಲಿಗೆ ಗಮನ ಇಟ್ಟದ್ದು ಸರ್ಕಾರಿ ಉದ್ದಿಮೆಗಳ ಅಗತ್ಯದ ಮೇಲೆ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐಯಂಥ ಸರ್ಕಾರಿ ಕಾರ್ಖಾನೆಗಳ ಊರಿಗೆ ಅದು ಒಪ್ಪುವಂಥದ್ದೇ ಆಗಿತ್ತು.

ಪಾಠ ಸಾಮಾನ್ಯವಾಗಿ ಲೆಕ್ಕಶಾಸ್ತ್ರದಿಂದ ಆರಂಭವಾಗುತ್ತದೆ. ಪ್ರತಿ ವ್ಯವಹಾರವನ್ನೂ ಜಮೆ ಮತ್ತು ಖರ್ಚು ಎರಡೂ ಕಡೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದ್ದ. ಪದ್ಧತಿ ಅವನದಲ್ಲ, ಅಲ್ಲಿನ ವರ್ತಕರದು. ಎರಡೂ ಕಡೆಯ ಮೊತ್ತ ಸಮವಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಲೆಕ್ಕವೇ ಕೂಗಿ ಹೇಳುತ್ತದೆ. ಆದರೆ ಸಮವಾಗಿದ್ದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ಕಂಪನಿಯ ಪುಸ್ತಕದಲ್ಲಿ ತೋರಿಸಿದ್ದ ಸುಮಾರು 5,000 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಬ್ಯಾಲೆನ್ಸ್ ಶೀಟನ್ನು ಓದುವುದಷ್ಟೇ ಅಲ್ಲ, ಅನುಮಾನಿಸುವುದನ್ನೂ ಕಲಿಸಬೇಕು ಎಂಬುದಕ್ಕೆ ಭಾರತದ ತರಗತಿಗಳಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ಲೆಕ್ಕಶಾಸ್ತ್ರ ಆಗಿಹೋದದ್ದನ್ನು ಬರೆದಿಡುತ್ತದೆ, ಹಣಕಾಸು ಮುಂದೆ ಬರುವುದನ್ನು ತೂಗುತ್ತದೆ. ಇದರ ಅಡಿಪಾಯ ಒಂದೇ ವಿಚಾರ: ನಾಳೆಯ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲ. ವರ್ಷಕ್ಕೆ ಶೇ 10ರ ಲೆಕ್ಕ ಹಿಡಿದರೆ, 5 ವರ್ಷದ ನಂತರ ಕೈಗೆ ಬರುವ 1 ಲಕ್ಷ ರೂಪಾಯಿಯ ಇಂದಿನ ಬೆಲೆ ಸುಮಾರು 62,000 ರೂಪಾಯಿ ಮಾತ್ರ. ಹೊಸ ಯಂತ್ರ ಕೊಳ್ಳಬೇಕೇ, ಇನ್ನೊಂದು ಶಾಖೆ ತೆರೆಯಬೇಕೇ ಎಂಬ ಪ್ರಶ್ನೆಗಳೆಲ್ಲ ಈ ತೂಕಕ್ಕೆ ಬರುತ್ತವೆ. ಸಣ್ಣ ಉದ್ದಿಮೆಗಳ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪಾಠ ದುಡಿಯುವ ಬಂಡವಾಳದ್ದು. ಕಚ್ಚಾ ಮಾಲಿಗೆ 30 ದಿನದೊಳಗೆ ಹಣ ಕಟ್ಟಬೇಕು, ಮಾರಿದ ಸರಕಿನ ಹಣ 90 ದಿನದ ಮೇಲೆ ಬರುತ್ತದೆ ಎಂದಾದರೆ, ನಡುವಿನ ಎರಡು ತಿಂಗಳನ್ನು ಹೆಚ್ಚಾಗಿ ಸಾಲದಿಂದಲೇ ತುಂಬಬೇಕಾಗುತ್ತದೆ. ವ್ಯಾಪಾರ ಹೆಚ್ಚಿದಷ್ಟೂ ಸಾಲ ಹೆಚ್ಚುತ್ತದೆ. ಪುಸ್ತಕದಲ್ಲಿ ಲಾಭವಿದ್ದೂ ಸಂಬಳಕ್ಕೆ ದುಡ್ಡಿಲ್ಲದೆ ಬಾಗಿಲು ಮುಚ್ಚುವ ಉದ್ದಿಮೆಗಳ ಕಥೆ ಬಹುತೇಕ ಇದೇ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ವಿಧಿಸಿದ್ದು ಈ ಕಾರಣಕ್ಕೇ.

ಮಾರ್ಕೆಟಿಂಗ್ ಎಂದರೆ ಜಾಹೀರಾತು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. 1960ರಲ್ಲಿ ಜೆರೋಮ್ ಮೆಕಾರ್ಥಿ ರೂಪಿಸಿದ, ಮುಂದೆ ಫಿಲಿಪ್ ಕೋಟ್ಲರ್ ಅವರ ಪಠ್ಯಪುಸ್ತಕದಿಂದ ಜಗತ್ತಿಗೆಲ್ಲ ಪರಿಚಿತವಾದ ಚೌಕಟ್ಟಿನಲ್ಲಿ ಪ್ರಚಾರ ನಾಲ್ಕರಲ್ಲಿ ಒಂದು ಮಾತ್ರ. ಸರಕು, ಬೆಲೆ, ಸಿಗುವ ಜಾಗ ಉಳಿದ ಮೂರು. ಯಾರಿಗೆ ಮಾರುತ್ತಿದ್ದೇವೆ ಎಂಬುದು ಈ ನಾಲ್ಕಕ್ಕೂ ಮೊದಲಿನ ಪ್ರಶ್ನೆ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ಬಟ್ಟೆ ಒಗೆಯುವ ಪುಡಿಯನ್ನು ಮನೆಯಲ್ಲೇ ತಯಾರಿಸಿ ಸೈಕಲ್ ಮೇಲೆ ಮಾರಲು ಹೊರಟಾಗ, ಸರ್ಫ್ ಕೊಳ್ಳುವ ಶಕ್ತಿಯಿದ್ದ ಮನೆಗಳು ಅವರ ಕಣ್ಣಮುಂದೆ ಇರಲಿಲ್ಲ. ಬಾರ್ ಸೋಪಿನಲ್ಲಿ ಒಗೆಯುತ್ತಿದ್ದ ಮನೆಗಳಿದ್ದವು. ಮುಂದೆ ಅವರ ಪುಡಿ ನಿರ್ಮಾ ಎಂಬ ಹೆಸರಿನಲ್ಲಿ ದೇಶದ ತುಂಬ ಹರಡಿತು. ಸರ್ಫ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಲಿವರ್ 1980ರ ದಶಕದಲ್ಲಿ ವೀಲ್ ಎಂಬ ಅಗ್ಗದ ಪುಡಿಯನ್ನು ತಂದು ಪೈಪೋಟಿಗೆ ಇಳಿಯಬೇಕಾಯಿತು.

ಮನುಷ್ಯ ನಡವಳಿಕೆಯ ಪಾಠ ಹೆಚ್ಚಾಗಿ ಹಾಥಾರ್ನ್ ಪ್ರಯೋಗಗಳಿಂದ ಶುರುವಾಗುತ್ತದೆ. 1924ರಿಂದ 1932ರವರೆಗೆ ಷಿಕಾಗೊ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಬೆಳಕು, ವಿರಾಮ, ಕೆಲಸದ ಅವಧಿಗಳನ್ನು ಬದಲಿಸಿ ಉತ್ಪಾದನೆಯನ್ನು ಅಳೆಯಲಾಯಿತು. ಬೆಳಕು ಹೆಚ್ಚಿಸಿದಾಗಲೂ ತಗ್ಗಿಸಿದಾಗಲೂ ಕೆಲಸ ಹೆಚ್ಚಿತು, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆಯೇ ಅದಕ್ಕೆ ಕಾರಣ ಎಂಬ ವಿವರಣೆ ದಶಕಗಳ ಕಾಲ ಪುಸ್ತಕಗಳಲ್ಲಿ ಉಳಿಯಿತು. ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ನಂತರದ ಸಂಶೋಧಕರು ಮತ್ತೆ ಜಾಲಾಡಿದಾಗ, ಕಥೆಯಲ್ಲಿ ಹೇಳುವಷ್ಟು ಸ್ಪಷ್ಟ ಪರಿಣಾಮ ಕಾಣಲಿಲ್ಲ. ಕಾರ್ಮಿಕನನ್ನು ಯಂತ್ರದ ಭಾಗವೆಂದು ನೋಡುತ್ತಿದ್ದ ಫ್ರೆಡರಿಕ್ ಟೇಲರ್ ಕಾಲದ ದೃಷ್ಟಿಯನ್ನು ಈ ಪ್ರಯೋಗಗಳು ಸಡಿಲಿಸಿದವು ಎಂಬುದು ಮಾತ್ರ ನಿಜ. ಇಂದು ನೇಮಕಾತಿ, ತಂಡ, ನಾಯಕತ್ವ, ಕಾರ್ಮಿಕ ಸಂಬಂಧಗಳ ಪಾಠಗಳ ಬೇರುಗಳಲ್ಲಿ ಇದೂ ಒಂದು.

ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಉಳಿದ ವಿಷಯಗಳಿಗೆ ಸಲಕರಣೆ ಒದಗಿಸುತ್ತವೆ. ಬೆಲೆ ಏರಿಸಿದರೆ ಬೇಡಿಕೆ ಎಷ್ಟು ತಗ್ಗುತ್ತದೆ, ನೂರು ಗಿರಾಕಿಗಳನ್ನು ವಿಚಾರಿಸಿ ಲಕ್ಷ ಗಿರಾಕಿಗಳ ಬಗ್ಗೆ ಎಷ್ಟು ಧೈರ್ಯದಿಂದ ಹೇಳಬಹುದು ಎಂಬಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ.

ಪೂರೈಕೆ ಸರಪಳಿ ಎಂಬ ಹೆಸರು ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದು ಹೇಳುವ ಕಷ್ಟವನ್ನು ಕರ್ನಾಟಕದ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳೂ ಬಲ್ಲವು. ಹಸು ಮಾರುಕಟ್ಟೆ ನೋಡಿ ಹಾಲು ಕೊಡುವುದಿಲ್ಲ. ಕರೆದ ಹಾಲನ್ನು ಕೆಲವೇ ಗಂಟೆಗಳಲ್ಲಿ 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ತಂಪು ಮಾಡದಿದ್ದರೆ ಕೆಡುತ್ತದೆ. ಮಳೆ ಬಿದ್ದು ಹಸಿರು ಮೇವು ಹೇರಳವಾದಾಗ ಹಾಲು ಉಕ್ಕುತ್ತದೆ. ಬೇಸಿಗೆಯಲ್ಲಿ ಹಾಲು ಇಳಿಯುವ ಹೊತ್ತಿಗೇ ಪಟ್ಟಣಗಳಲ್ಲಿ ಮೊಸರು ಮಜ್ಜಿಗೆಗೆ ಬೇಡಿಕೆ ಏರುತ್ತದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಿ 1974ರಲ್ಲಿ ಆರಂಭವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ ರೂಪ ಪಡೆದ ವ್ಯವಸ್ಥೆ ಈ ಸಿಕ್ಕನ್ನು ಮೂರು ಹಂತಗಳಲ್ಲಿ ಬಿಡಿಸುತ್ತದೆ. ಹಳ್ಳಿಯ ಸಂಘ ಹಾಲು ಅಳೆದು, ಕೊಬ್ಬು ಮತ್ತು ಎಸ್‌ಎನ್‌ಎಫ್ ಅಂದರೆ ಕೊಬ್ಬಲ್ಲದ ಘನಾಂಶ ನೋಡಿ ಬರೆದುಕೊಳ್ಳುತ್ತದೆ. ಸಂಘಗಳ ಒಕ್ಕೂಟ ಸಂಗ್ರಹಿಸಿ, ಸಂಸ್ಕರಿಸಿ, ಪ್ಯಾಕೆಟ್ ಮಾಡುತ್ತದೆ. ಮಹಾಮಂಡಳ ನಂದಿನಿ ಎಂಬ ಒಂದೇ ಹೆಸರನ್ನು ಕಾಪಾಡುತ್ತದೆ.

ಹೆಚ್ಚಾದ ಹಾಲು ಪುಡಿಯಾಗುತ್ತದೆ, ಬೆಣ್ಣೆ ತುಪ್ಪವಾಗುತ್ತದೆ. ಪುಡಿ ದಾಸ್ತಾನು ಬೆಳೆದರೆ ಅದರಲ್ಲಿ ದುಡ್ಡು ಸಿಕ್ಕಿಕೊಂಡು ರೈತರ ಬಟವಾಡೆಗೆ ತೊಂದರೆ, ಅಂದರೆ ಪೂರೈಕೆಯ ಸಮಸ್ಯೆ ರಾತ್ರೋರಾತ್ರಿ ಹಣಕಾಸಿನ ಸಮಸ್ಯೆಯಾಗುತ್ತದೆ. 2013ರಲ್ಲಿ ಶಾಲಾ ಮಕ್ಕಳಿಗೆ ಪುಡಿಯಿಂದ ಮಾಡಿದ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದಾಗ ಮಕ್ಕಳಿಗೆ ಪೋಷಣೆಯೂ ಪುಡಿಗೆ ಖಚಿತವಾದ ಬೇಡಿಕೆಯೂ ಒಟ್ಟಿಗೆ ದೊರೆತವು. ಒಳ್ಳೆಯ ನಿರ್ವಹಣಾ ಪಠ್ಯದಲ್ಲಿ ಇರಬೇಕಾದ ಉದಾಹರಣೆ ಇದು.

ಸರಪಳಿಯ ಇನ್ನೊಂದು ಪಾಠವನ್ನು ಆಟದ ಮೂಲಕ ಕಲಿಸುವುದು ರೂಢಿ. ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ಬಳಗ 1960ರ ಸುಮಾರಿಗೆ ರೂಪಿಸಿದ ಈ ಆಟದಲ್ಲಿ ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಬಿಯರ್ ಕಾರ್ಖಾನೆ ಎಂದು ನಾಲ್ಕು ಪಾತ್ರಗಳು. ಆಟಗಾರರು ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ಕೈಬದಲಾಗುತ್ತದೆ. ಕೇಳಿದ ಸರಕು ಬರಲು ವಾರಗಳು ಹಿಡಿಯುತ್ತವೆ. ಗಿರಾಕಿಗಳ ಬೇಡಿಕೆ ವಾರಕ್ಕೆ 4 ಪೆಟ್ಟಿಗೆಯಿಂದ 8ಕ್ಕೆ ಒಂದೇ ಸಲ ಏರಿ ಅಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ಎಲ್ಲರೂ ಗಾಬರಿಯಾಗಿ ಮೇಲಿನವರಿಂದ ಹೆಚ್ಚು ಹೆಚ್ಚು ಕೇಳುತ್ತಾರೆ, ಕಾರ್ಖಾನೆ ತಲುಪುವ ಹೊತ್ತಿಗೆ ಬೇಡಿಕೆ ಹಲವು ಪಟ್ಟಾಗಿರುತ್ತದೆ, ಕೆಲವು ವಾರಗಳಲ್ಲಿ ಎಲ್ಲ ಗೋದಾಮುಗಳೂ ತುಂಬಿ ಯಾರೂ ಏನೂ ಕೇಳದಂತಾಗುತ್ತದೆ. ಚಾಟಿಯ ಹಿಡಿ ತುಸು ಅಲುಗಿದರೂ ತುದಿ ಬೀಸಿ ಹೊಡೆಯುವಂತೆ ಈ ಏರಿಳಿತ ದೂರ ಹೋದಷ್ಟೂ ದೊಡ್ಡದಾಗುತ್ತದೆ. ಆಟ ಮುಗಿದ ಮೇಲೆ ಗಿರಾಕಿಗಳ ಬೇಡಿಕೆ ಹೇಗಿತ್ತು ಎಂದು ಊಹಿಸಿ ಬರೆಯಿರಿ ಎಂದರೆ ಬಹುತೇಕರು ದೊಡ್ಡ ಅಲೆಯನ್ನೇ ಬರೆಯುತ್ತಾರೆ. ಅಲೆಯನ್ನು ಎಬ್ಬಿಸಿದವರು ತಾವೇ ಎಂದು ತಿಳಿದಾಗ ಆಗುವ ಅಚ್ಚರಿ ಹತ್ತು ಉಪನ್ಯಾಸಗಳಿಗೆ ಸಮ. ಪರಿಹಾರ ಹೆಚ್ಚು ದಾಸ್ತಾನಿನಲ್ಲಿಲ್ಲ. ಗಿರಾಕಿ ನಿಜವಾಗಿ ಎಷ್ಟು ಕೊಂಡ ಎಂಬ ಮಾಹಿತಿ ಕಾರ್ಖಾನೆಯವರೆಗೂ ತಲುಪುವುದರಲ್ಲಿದೆ.

ದಾಸ್ತಾನು ಎಷ್ಟಿರಬೇಕು ಎಂಬ ಪ್ರಶ್ನೆ ಹಳೆಯದು. ಟೊಯೊಟಾದ ತೈಚಿ ಓನೊ ಬೆಳೆಸಿದ ವಿಧಾನದಲ್ಲಿ ಬಿಡಿಭಾಗ ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಹೆಚ್ಚಿನ ದಾಸ್ತಾನು ತಪ್ಪುಗಳನ್ನು ಮುಚ್ಚಿಡುತ್ತದೆ ಎಂಬುದು ಅದರ ವಾದ. ಈ ವಿಧಾನ ಜಗತ್ತಿನ ಕಾರ್ಖಾನೆಗಳನ್ನು ಗೆದ್ದಿತು. ಕೊರೊನಾ ಕಾಲದಲ್ಲಿ ಅದರ ಮಿತಿಯೂ ಕಂಡಿತು. 2020ರಲ್ಲಿ ಕಾರು ತಯಾರಕರು ಚಿಪ್‌ಗಳ ಆರ್ಡರ್ ರದ್ದು ಮಾಡಿದರು, ಬೇಡಿಕೆ ಮರಳಿದಾಗ ಚಿಪ್ ಕಾರ್ಖಾನೆಗಳು ಕಂಪ್ಯೂಟರ್, ಫೋನುಗಳಿಗೆ ಮೀಸಲಾಗಿದ್ದವು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. ಅಂದಿನಿಂದ ತರಗತಿಗಳಲ್ಲಿ ಅಗ್ಗದ ಪೂರೈಕೆಯಷ್ಟೇ ಗಟ್ಟಿ ಪೂರೈಕೆಗೂ ಜಾಗ ಸಿಕ್ಕಿದೆ.

ಈ ಎಲ್ಲ ಎಳೆಗಳನ್ನು ಒಟ್ಟಿಗೆ ಹಿಡಿಯುವ ವಿಷಯ ಕಾರ್ಯತಂತ್ರ. ಮೈಕೇಲ್ ಪೋರ್ಟರ್ 1979ರಲ್ಲಿ ಮುಂದಿಟ್ಟ ಐದು ಶಕ್ತಿಗಳ ಚೌಕಟ್ಟು ಇಲ್ಲಿ ಪ್ರಸಿದ್ಧ. ಎದುರಾಳಿಗಳು, ಹೊಸಬರು, ಬದಲಿ ಸರಕುಗಳು, ಕೊಳ್ಳುವವರು, ಪೂರೈಸುವವರು ಒಂದು ಉದ್ಯಮದ ಲಾಭವನ್ನು ಹೇಗೆ ಹಿಂಡುತ್ತಾರೆ ಎಂದು ಅದು ತೋರಿಸುತ್ತದೆ. ನಿಜವಾದ ಕಂಪನಿಯ ನಿಜವಾದ ಇಕ್ಕಟ್ಟನ್ನು ಓದಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವ ಕೇಸ್ ವಿಧಾನವನ್ನು ಹಾರ್ವರ್ಡ್ 1920ರ ದಶಕದಲ್ಲಿ ಬೆಳೆಸಿತು. ಬಿಡಿ ವಿಷಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಅಲ್ಲೇ.

ಉದ್ಯಮಶೀಲತೆ ಪಠ್ಯಕ್ರಮಕ್ಕೆ ತಡವಾಗಿ ಬಂದ ವಿಷಯ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರನ್ನು ಗಮನದಲ್ಲಿಟ್ಟು ಹಾರ್ವರ್ಡ್ 1947ರಲ್ಲಿ ಹೊಸ ಉದ್ಯಮಗಳ ಕೋರ್ಸ್ ಆರಂಭಿಸಿತು. ಉದ್ಯಮಿ ಹುಟ್ಟುತ್ತಾನೆಯೇ ಹೊರತು ಕಲಿಸಿ ಮಾಡಲಾಗದು ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ 27 ಮಂದಿ ಅನುಭವಿ ಉದ್ಯಮಿಗಳ ಯೋಚನಾಕ್ರಮವನ್ನು ಅಧ್ಯಯನ ಮಾಡಿ ಅದಕ್ಕೆ ಉತ್ತರ ಹುಡುಕಿದರು. 2001ರಲ್ಲಿ ಪ್ರಕಟವಾದ ಅವರ ಸಿದ್ಧಾಂತದ ಪ್ರಕಾರ ಉದ್ಯಮಿಗಳು ದೊಡ್ಡ ಗುರಿ ಇಟ್ಟುಕೊಂಡು ಸಾಧನ ಹುಡುಕುವುದಿಲ್ಲ. ಕೈಲಿರುವುದರಿಂದ ಏನು ಮಾಡಬಹುದು ಎಂದು ಹೊರಡುತ್ತಾರೆ, ಕಳೆದುಕೊಂಡರೂ ತಾಳಬಲ್ಲಷ್ಟನ್ನೇ ಪಣಕ್ಕಿಡುತ್ತಾರೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಟಿಆರ್ ಹೋಟೆಲ್, ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದ್ದನ್ನೂ, ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಬೆಲೆ ಕಟ್ಟುಪಾಡು ಬಂದಾಗ ಸಿದ್ಧ ಹಿಟ್ಟಿನ ಪೊಟ್ಟಣಗಳತ್ತ ಹೊರಳಿದ್ದನ್ನೂ ಈ ಬೆಳಕಿನಲ್ಲಿ ಓದಬಹುದು. ಆ ಪೊಟ್ಟಣಗಳ ಉದ್ಯಮವನ್ನೇ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು.

ಉದ್ಯಮಶೀಲತೆಯನ್ನು ಕಲಿಸಬಹುದೇ ಎಂಬ ವಾದಕ್ಕೆ ಕರ್ನಾಟಕ ಐಐಎಂಗಳ ಹೊರಗೂ ಉತ್ತರ ಕೊಟ್ಟಿದೆ. 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಹಳ್ಳಿಯ ನಿರುದ್ಯೋಗಿ ಯುವಜನರಿಗೆ ಊಟ ವಸತಿಯೊಡನೆ ಉಚಿತವಾಗಿ ಅಲ್ಪಾವಧಿ ತರಬೇತಿ ಕೊಡುವ ಸಂಸ್ಥೆ ಇದು. ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿಯಂಥ ಕಸುಬಿನ ಜೊತೆಗೆ ಮಾರುಕಟ್ಟೆ ಸಮೀಕ್ಷೆ, ವೆಚ್ಚದ ಲೆಕ್ಕ, ಬ್ಯಾಂಕ್ ಸಾಲದ ವ್ಯವಹಾರವನ್ನೂ ಅಲ್ಲಿ ಕಲಿಸುತ್ತಾರೆ. ಅಂದರೆ ಎಂಬಿಎ ಕಡ್ಡಾಯ ವಿಷಯಗಳ ತಿರುಳನ್ನು. ತರಬೇತಿ ಮುಗಿಸಿದವರ ಬೆನ್ನಿಗೆ ನಿಂತು, ಅಂಗಡಿ ನಡೆಯುತ್ತಿದೆಯೇ, ಸಾಲ ಮಂಜೂರಾಯಿತೇ ಎಂದು ವಿಚಾರಿಸುತ್ತಾ ಹೋಗುವುದು ಅದರ ಕ್ರಮದ ಅವಿಭಾಜ್ಯ ಭಾಗ. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ತೆಗೆದುಕೊಂಡು, ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿದೆ.